ಸಹಾಯ ಬೇಕು: ಅಂಧ ವಿದ್ಯಾರ್ಥಿಗಳಿಗೆ ಪೈಥಾನ್ ಕಲಿಸುವ ಕನ್ನಡ ಆಡಿಯೋ ಪಾಠಗಳು

ಎಲ್ಲರಿಗೂ ನಮಸ್ಕಾರ. ಅಂಧ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆಡಿಯೋ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ವೇರಿಯಬಲ್ (ಮೌಲ್ಯಕ್ಕೆ ಕೊಡುವ ಹೆಸರು) ಎಂದರೇನು, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಏಕೆ ಬೇಕು ಎಂಬುದನ್ನು ಮಾತಿನಲ್ಲೇ ವಿವರಿಸಬಹುದು. ತೊಡಕಿರುವುದು ಕೋಡ್ ಓದಿ ಹೇಳುವಲ್ಲಿ. ಪೈಥಾನ್‌ನಲ್ಲಿ ಯಾವ ಸಾಲು ಯಾವ ಲೂಪ್‌ಗೆ ಸೇರಿದ್ದು ಎಂಬುದನ್ನು ಸಾಲಿನ ಆರಂಭದ ಖಾಲಿ ಜಾಗವೇ ನಿರ್ಧರಿಸುವುದರಿಂದ ಅದನ್ನು ಬಿಡುವಂತಿಲ್ಲ. ಆದರೆ ಪ್ರತಿ ಸಾಲಿಗೂ "ನಾಲ್ಕು ಸ್ಪೇಸ್, ಪ್ರಿಂಟ್, ಆವರಣ ಆರಂಭ" ಎನ್ನುತ್ತ ಹೋದರೆ ಕೇಳುವವರಿಗೆ ತರ್ಕದ ಎಳೆಯೇ ತಪ್ಪಿಹೋಗುತ್ತದೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ, ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಈ ಜಾಗವನ್ನು ಮಾತಿನ ಬದಲು ಸ್ವರದ ಏರಿಳಿತದಿಂದಲೂ ತಿಳಿಸಬಲ್ಲದು. ಅದೇ ಕ್ರಮವನ್ನು ಪಾಠದಲ್ಲೂ ಅಳವಡಿಸುವ ಯೋಚನೆಯಿದೆ. ಸ್ಕ್ರೀನ್ ರೀಡರ್ ಬಳಸಿಯೇ ಕೋಡ್ ಬರೆಯುವವರು (ಕಣ್ಣಿರುವವರ ಊಹೆ ಇಲ್ಲಿ ಸಾಲದು) ದಯವಿಟ್ಟು ಒಂದು ಮಾದರಿ ಪಾಠವನ್ನು ಕೇಳಿ, ಯಾವ ಚಿಹ್ನೆಗಳನ್ನು ಉಚ್ಚರಿಸಬೇಕು, ಯಾವುದನ್ನು ಬಿಡಬಹುದು ಎಂದು ತಿಳಿಸುವಿರಾ?