ಲಕ್ವಾ ಹೊಡೆದಾಗ ತೋಳಿಗೆ ಬಿಪಿ ಪಟ್ಟಿ ಕಟ್ಟಿದರೆ ಉಪಯೋಗ ಇದೆಯಾ?

ಜಮಖಂಡಿ ತೋಟದವ:
ನಮ್ಮ ಕಾಕಾಗೆ ಅರವತ್ತು ದಾಟಿದೆ. ಬಿಪಿ, ಶುಗರ್ ಎರಡೂ ಇವೆ. ಹೋದ ವರ್ಷ ಬಾಯಿ ಸೊಟ್ಟಗಾಗಿ ಅರ್ಧ ತಾಸಿನಲ್ಲಿ ತಾನೇ ಸರಿಹೋಯಿತು. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ಬಿಗಿ, ಐದು ನಿಮಿಷ ಸಡಿಲ ಮಾಡುತ್ತಿದ್ದರೆ ಮಿದುಳು ಉಳಿಯುತ್ತದೆ ಅಂತ ಒಂದು ವಿಡಿಯೊ ಬಂದಿದೆ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ದಾಟಿಕೊಂಡು ಬೆಳಗಾವಿ ಮುಟ್ಟೋಕೆ ಮೂರು ತಾಸಾದರೂ ಬೇಕು. ಗಾಡಿಯಲ್ಲೇ ಇದನ್ನು ಮಾಡಬಹುದಾ? ಮನೆಯಲ್ಲಿ ಡಿಜಿಟಲ್ ಮಷೀನ್ ಇದೆ.

ವಾರ್ಡ್ ಸಿಸ್ಟರ್, ಬೆಳಗಾವಿ:
ವಿಡಿಯೊ ಪೂರ್ತಿ ಸುಳ್ಳಲ್ಲ. ಇದಕ್ಕೆ ರಿಮೋಟ್ ಇಸ್ಕೀಮಿಕ್ ಕಂಡೀಷನಿಂಗ್ ಅಂತಾರೆ. ತೋಳಿನ ರಕ್ತ ಆಗಾಗ ತಡೆದು ಬಿಟ್ಟರೆ, ದೂರದ ಮಿದುಳೂ ರಕ್ತದ ಕೊರತೆ ತಾಳಿಕೊಳ್ಳಲು ತಯಾರಾಗುತ್ತದೆ ಅನ್ನೋದು ಲೆಕ್ಕಾಚಾರ. ಚೀನಾದಲ್ಲಿ ಸುಮಾರು 1,800 ರೋಗಿಗಳ ಮೇಲೆ ನೋಡಿದ್ದಾರೆ. ಅವರು ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ತಗೊಂಡವರಲ್ಲ. ಎರಡೂ ತೋಳಿಗೆ 200ರ ಒತ್ತಡ, ದಿನಕ್ಕೆ ಎರಡು ಸಲ, 10ರಿಂದ 14 ದಿನ. 90 ದಿನದ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡವರು ನೂರಕ್ಕೆ 67, ಪಟ್ಟಿ ಕಟ್ಟದವರಲ್ಲಿ 62. ಇದು 2022ರ ಮಾತು.

ಆದರೆ ನೀವು ಕೇಳ್ತಿರೋದು ಗಾಡಿಯಲ್ಲಿ ಮಾಡೋದು. ಅದನ್ನು ಡೆನ್ಮಾರ್ಕ್‌ನವರು ಆಂಬುಲೆನ್ಸ್‌ನಲ್ಲೇ ಶುರು ಮಾಡಿ ನೋಡಿದರು. 2023ರಲ್ಲಿ ಫಲಿತಾಂಶ ಬಂತು, ಫರಕು ಕಾಣಲಿಲ್ಲ. ಡಿಜಿಟಲ್ ಮಷೀನ್ ಬಿಪಿ ಅಳೆದು ತಾನೇ ಗಾಳಿ ಬಿಡುತ್ತದೆ, ಐದು ನಿಮಿಷ ಹಿಡಿದಿಡೋದಿಲ್ಲ. ಅದರ ಬದಲು ಹಗ್ಗ, ಟವೆಲ್ ಅಂತೂ ಬಿಗಿಯಬೇಡಿ.

ಮುಧೋಳ ಮೇಷ್ಟ್ರು:
ನಮ್ಮ ಕಡೆ ಇನ್ನೂ ಪಾರಿವಾಳದ ರಕ್ತ ಹಚ್ಚಿಸೋಕೆ ಓಡುವವರಿದ್ದಾರೆ. ಅದಕ್ಕಿಂತ ಪಟ್ಟಿ ವಾಸಿ ಬಿಡ್ರಿ! ಅಂದಹಾಗೆ, ಜಮಖಂಡಿಯಿಂದ ವಿಜಯಪುರ ಹತ್ತಿರ ಅಲ್ವಾ? ಬೆಳಗಾವಿ ಯಾಕೆ?

ಜಮಖಂಡಿ ತೋಟದವ:
ಬೆಳಗಾವಿಯಲ್ಲಿ ದೊಡ್ಡ ಡಾಕ್ಟರ್ ಇದ್ದಾರೆ ಅಂತ, ಅಷ್ಟೇ. ಪಟ್ಟಿ ಬೇಡ ಅಂದರೆ ಮತ್ತೇನು ಮಾಡೋದು ಅಕ್ಕಾರೇ?

ವಾರ್ಡ್ ಸಿಸ್ಟರ್, ಬೆಳಗಾವಿ:
ಹತ್ತಿರದ ಊರಿಗೆ ಹೋಗಿ ಅಂತ ಮೇಷ್ಟ್ರು ಹೇಳಿದ್ದು ಸರಿ. ಗಡ್ಡೆ ಕರಗಿಸುವ ಆ ಇಂಜೆಕ್ಷನ್‌ಗೆ ನಾಲ್ಕೂವರೆ ತಾಸಿನ ಗಡುವು. ರೋಗಿ ಕೊನೆಗೆ ಸರಿಯಾಗಿದ್ದ ಹೊತ್ತಿನಿಂದ ಎಣಿಸಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಅಂತ ನೋಡಲೇಬೇಕು. ರಾತ್ರಿಯೂ ಸಿಟಿ ನಡೆಯುವ, ಇಂಜೆಕ್ಷನ್ ಇಟ್ಟಿರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಫೋನ್ ಮಾಡಿ ಕೇಳಿಡಿ. ಆ ಹೊತ್ತು ಬಂದರೆ 108ಕ್ಕೆ ಕರೆ ಮಾಡಿ. ಬಾಯಿಗೆ ಚಹಾ, ಗುಳಿಗೆ ಏನೂ ಹಾಕಬೇಡಿ.

ಇನ್ನೊಂದು. ಹೋದ ವರ್ಷದ್ದು ಸುಮ್ನೆ ಬಂದು ಹೋದದ್ದಲ್ಲ. ಅರ್ಧ ತಾಸಿನಲ್ಲಿ ಸರಿಹೋದರೂ ಅದು ಲಕ್ವಾದ ಮುನ್ಸೂಚನೆ ಇರಬಹುದು. ಆಗ ಯಾರಿಗಾದರೂ ತೋರಿಸಿದ್ರಾ? ಇಲ್ಲದಿದ್ದರೆ ಈ ವಾರವೇ ಕಾಕಾರನ್ನು ಕರೆದುಕೊಂಡು ಹೋಗಿ.