ಪದಚರ್ಚೆ: ಸ್ಕ್ರೋಲ್ ಸಾ ಅಂದರೆ 'ಸುರುಳಿ ಗರಗಸ'ವೇ? ಅದರ ಬ್ಲೇಡುಗಳಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮರಗೆಲಸ ಕಲಿಯಲು ಶುರುಮಾಡಿ ಕೆಲವು ತಿಂಗಳಾಯಿತು. ಬಾಲ್ಕನಿಯಲ್ಲಿ ಒಂದು ಸ್ಕ್ರೋಲ್ ಸಾ ಇಟ್ಟುಕೊಂಡಿದ್ದೇನೆ. ನೋಡದವರಿಗೆ ಒಂದು ಮಾತು: ಹೊಲಿಗೆ ಮಿಷನ್ನಿನ ಹಾಗೆ ಮೇಜಿನ ಮೇಲೆ ಕೂರುವ ಯಂತ್ರ ಇದು. ಸೂಜಿ ಇರಬೇಕಾದ ಜಾಗದಲ್ಲಿ ದಪ್ಪ ದಾರದಂಥ ಗರಗಸ ಮೇಲೆ ಕೆಳಗೆ ಆಡುತ್ತಿರುತ್ತದೆ. ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ತಿರುಗಿಸುತ್ತಾ ಹೋದರೆ ಬೇಕಾದ ಬಳುಕಿಗೆ ಕೊಯ್ಯಬಹುದು.

ಬ್ಲೇಡು ಆರಿಸಲು ಹೊರಟಾಗ ನನ್ನ ಹತ್ತಿರ ಮಾತೇ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ "ಸಣ್ಣ ಬ್ಲೇಡು ಕೊಡಿ" ಅಂದೆ. ಅವರು ಜಿಗ್‌ಸಾ ಅನ್ನುವ, ಕೈಯಲ್ಲಿ ಹಿಡಿದು ಕೊಯ್ಯುವ ಬೇರೆ ಯಂತ್ರದ ಬ್ಲೇಡು ತೆಗೆದಿಟ್ಟರು, ಬೆರಳುದ್ದದ್ದು. ತಪ್ಪು ಅವರದಲ್ಲ. ನಮ್ಮ 'ಸಣ್ಣ' ಅನ್ನುವ ಮಾತಿಗೆ ಗಿಡ್ಡ, ತೆಳು, ಕಿರಿದು, ನವುರು ಎಲ್ಲ ಅರ್ಥವೂ ಇದೆ. ನನಗೆ ಬೇಕಿದ್ದದ್ದು 5 ಇಂಚು ಉದ್ದದ, ಆದರೆ 1 ಮಿಲಿಮೀಟರ್ ಆಸುಪಾಸು ಅಗಲದ ಬ್ಲೇಡು. 'ಕಿರಿದು' ಅಂದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ ಅನ್ನಿಸುತ್ತದೆ. ಕೊನೆಗೆ ಕೆಲಸ ಮಾಡಿದ್ದು ನಂಬರು. ಈ ಬ್ಲೇಡುಗಳಲ್ಲಿ ನಂಬರು ಏರಿದ ಹಾಗೆ ಅಗಲ ಹೆಚ್ಚುತ್ತದೆ, ಹಲ್ಲು ದೊಡ್ಡದಾಗುತ್ತದೆ. ತೆಳು ಪ್ಲೈವುಡ್ಡಿಗೆ 2 ಅಥವಾ 3, ಮುಕ್ಕಾಲು ಇಂಚಿನ ಹಲಗೆಗೆ 5, ಅದಕ್ಕಿಂತ ದಪ್ಪಕ್ಕೆ 7 ಅಥವಾ 9. ಹೊಸಬರು 5ರಿಂದ ಶುರುಮಾಡಿದರೆ ಒಳ್ಳೆಯದು. ತೀರಾ ಸಪೂರದ್ದು ಕೈ ಪಳಗುವ ಮೊದಲೇ ಪಟಪಟ ಮುರಿಯುತ್ತದೆ.

ಈಗ ಮೊದಲ ಪ್ರಶ್ನೆ. ಇಂಗ್ಲಿಷ್ ಹೆಸರನ್ನು ಹಾಗೇ ಇಳಿಸಿದರೆ 'ಸುರುಳಿ ಗರಗಸ' ಆಗುತ್ತದೆ. ನಾನೂ ನನ್ನ ಪುಸ್ತಕದಲ್ಲಿ ಹಾಗೇ ಬರೆದುಕೊಂಡಿದ್ದೆ. ಆಮೇಲೆ ಸ್ಪೈರಲ್ ಬ್ಲೇಡು ಕೈಗೆ ಬಂತು. ಅದನ್ನು ಹಗ್ಗ ಹೊಸೆದ ಹಾಗೆ ತಿರುಚಿರುತ್ತಾರೆ, ಸುತ್ತಲೂ ಹಲ್ಲು. ಹಲಗೆಯನ್ನು ತಿರುಗಿಸದೆ ಯಾವ ಕಡೆಗೆ ತಳ್ಳಿದರೂ ಕೊಯ್ಯುತ್ತದೆ. ಹಾಗಾದರೆ 'ಸುರುಳಿ' ಯಾವುದಕ್ಕೆ, ಯಂತ್ರಕ್ಕೋ ಈ ಬ್ಲೇಡಿಗೋ? ಯಂತ್ರದಲ್ಲಿ ಸುರುಳಿ ಸುತ್ತಿರುವುದು ಏನೂ ಇಲ್ಲ. ಅದರ ಹೆಸರು ಬಂದಿರುವುದು ಅದು ಕೊಯ್ಯುವ ಬಳ್ಳಿಯಂಥ ಚಿತ್ತಾರದಿಂದ. ನಮ್ಮಲ್ಲಿ ಅಂಥ ಕೆಲಸಕ್ಕೆ 'ಕುಸುರಿ' ಅನ್ನುವ ಒಳ್ಳೆಯ ಮಾತಿದೆ. ಆದ್ದರಿಂದ ಯಂತ್ರಕ್ಕೆ 'ಕುಸುರಿ ಗರಗಸ', ತಿರುಚಿದ ಬ್ಲೇಡಿಗೆ 'ಹುರಿ ಬ್ಲೇಡು' ಅನ್ನಬಹುದು ಅಲ್ವಾ? ಬೇಲೂರಿನ ಗುಡಿಯ ಜಾಲಂಧ್ರಗಳು, ಅಂದರೆ ತೂತು ತೂತಾಗಿ ಕೊರೆದ ಕಲ್ಲಿನ ಕಿಟಕಿಗಳು, ನೆನಪಾಗಿ 'ಜಾಲಂಧ್ರ ಗರಗಸ' ಅಂತಲೂ ಯೋಚಿಸಿದ್ದೆ. ಆದರೆ ತೂತು ಕೊರೆಯುವುದು ಇದರ ಒಂದು ಕೆಲಸ ಮಾತ್ರ. ನನ್ನ ಒಲವು ಕುಸುರಿಯ ಕಡೆಗೇ.

ಹೊಸಬರಿಗೆ ಹುರಿ ಬ್ಲೇಡು ಬೇಡ ಅಂತ ಇಲ್ಲೇ ಹೇಳಿಬಿಡುತ್ತೇನೆ. ಅದು ಕೊಯ್ದ ಜಾಡು ಅಗಲ, ಅಂಚು ಒರಟು. ಉಪ್ಪುಕಾಗದ ಹಿಡಿದು ಉಜ್ಜುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಎರಡನೆಯ ಪ್ರಶ್ನೆ ಹಲ್ಲಿನದು. ಹಲ್ಲುಗಳ ನಡುವೆ ಒಂದೊಂದು ಹಲ್ಲು ಬಿಟ್ಟಿರುವ ಬ್ಲೇಡಿಗೆ ಸ್ಕಿಪ್ ಟೂತ್ ಅನ್ನುತ್ತಾರೆ. ಆ ಸಂದಿನಲ್ಲಿ ಮರದ ಹೊಟ್ಟು ಹೊರಗೆ ಹೋಗುತ್ತದೆ, ಬ್ಲೇಡು ಜಾಸ್ತಿ ಬಿಸಿಯಾಗುವುದಿಲ್ಲ, ಮರ ಕರಕಲಾಗುವುದಿಲ್ಲ. 'ಹಲ್ಲುಬಿಟ್ಟ ಬ್ಲೇಡು' ಅನ್ನಲು ಬಾರದು, ಹಲ್ಲು ಬಿಡುವುದಕ್ಕೆ ನಮ್ಮಲ್ಲಿ ಬೇರೆಯೇ ಅರ್ಥ. ನನಗೆ ಹೊಳೆದದ್ದು ಬಾಚಣಿಗೆ. ಅಜ್ಜಿ ಸೀರಣಿಗೆಯನ್ನು 'ಒತ್ತು ಹಲ್ಲಿನದು' ಅನ್ನುತ್ತಿದ್ದರು, ಸಿಕ್ಕು ಬಿಡಿಸುವುದನ್ನು 'ಬಿಡಿ ಹಲ್ಲಿನದು' ಅನ್ನುತ್ತಿದ್ದರು. ಅದೇ ಜೋಡಿ ಇಲ್ಲಿಗೂ ಸರಿಹೊಂದುತ್ತದೆ. ಒತ್ತು ಹಲ್ಲು, ಬಿಡಿ ಹಲ್ಲು. ಮನೆಯ ಮಾತು, ಹೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ.

ಕಷ್ಟವಾಗಿರುವುದು ರಿವರ್ಸ್ ಟೂತ್. ಈ ಯಂತ್ರದಲ್ಲಿ ಹಲ್ಲೆಲ್ಲ ಕೆಳಗೆ ನೋಡಬೇಕು. "ಹಲ್ಲು ಯಾವ ಕಡೆ ನೋಡ್ತಿದೆ ನೋಡ್ಕೊಳಿ ಸಾರ್" ಅಂತ ನಮ್ಮ ಬೀದಿಯ ಆಚಾರ್ರು ಹೇಳಿಕೊಟ್ಟರು. ಬೆರಳ ತುದಿಯನ್ನು ಬ್ಲೇಡಿನ ಮೇಲೆ ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಸವರಿದರೆ ಚರ್ಮ ಹಿಡಿಯಬೇಕು, ಮೇಲಿನಿಂದ ಕೆಳಗೆ ಸವರಿದರೆ ಜಾರಬೇಕು. ಆದರೆ ಹಲ್ಲೆಲ್ಲ ಕೆಳಗೆ ನೋಡಿದರೆ ಹಲಗೆಯ ಅಡಿಭಾಗದಲ್ಲಿ ಸಿಬಿರು ಏಳುತ್ತದೆ. ಅದಕ್ಕೇ ರಿವರ್ಸ್ ಟೂತ್ ಬ್ಲೇಡಿನಲ್ಲಿ ತಳದ ಕೆಲವು ಹಲ್ಲುಗಳನ್ನು ಮೇಲ್ಮುಖವಾಗಿ ಮಾಡಿರುತ್ತಾರೆ. ಅವು ಅಡಿಯ ಎಳೆಗಳನ್ನು ಒಳಕ್ಕೆ ಕೊಯ್ದು ಅಂಚನ್ನು ಸಾಫು ಮಾಡುತ್ತವೆ. 'ತಿರುಗು ಹಲ್ಲು' ಅಂದರೆ ಹಲ್ಲೇ ತಿರುಗುತ್ತದೆ ಅನ್ನಿಸುತ್ತದೆ. 'ಎದುರು ಹಲ್ಲು' ಹೇಗೆ? ಆಚಾರ್ರಿಗೆ ಹೇಳಿದೆ. ಸ್ವಲ್ಪ ಹೊತ್ತು ಬ್ಲೇಡು ನೋಡಿ "ಸರಿಯಾಗಿದೆ, ಎದುರುಬದುರು ನಿಂತಿದ್ದಾವೆ" ಅಂದರು.

ಮೇಲೆ ಹೋಗುವಾಗಲೂ ಕೆಳಗೆ ಬರುವಾಗಲೂ ಕೊಯ್ಯುವ ಇನ್ನೊಂದು ಬಗೆ ಇದೆ, ಕ್ರೌನ್ ಟೂತ್. 'ಕಿರೀಟ' ಅಂದರೆ ಹಲ್ಲಿನ ಡಾಕ್ಟರ ಕೆಲಸದಂತೆ ಕೇಳುತ್ತದೆ. ಬಸವಣ್ಣನವರ ವಚನವೊಂದರಲ್ಲಿ ಭಕ್ತಿಯನ್ನು 'ಕರಗಸ'ಕ್ಕೆ ಹೋಲಿಸಿದ್ದಾರೆ, ಹೋಗುತ್ತಲೂ ಕೊರೆಯುತ್ತದೆ, ಬರುತ್ತಲೂ ಕೊರೆಯುತ್ತದೆ ಅಂತ. ಸಂಸ್ಕೃತದ ಕ್ರಕಚವೇ ನಮ್ಮಲ್ಲಿ ಕರಗಸ, ಗರಗಸ ಆದದ್ದು. ಆ ಸಾಲು ಓದಿದ ಮೇಲೆ 'ಇಮ್ಮುಖ ಹಲ್ಲು' ಅನ್ನುವುದೇ ಸರಿ ಅನ್ನಿಸಿದೆ.

ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡಿಗೆ 'ಕೀಲು ಬ್ಲೇಡು', ಇಲ್ಲದ್ದಕ್ಕೆ 'ಬರಿ ತುದಿ' ಅಂದುಕೊಂಡಿದ್ದೇನೆ. ಕನ್ನಡ ಅಕ್ಷರ ಕೊಯ್ಯುವವರಿಗೆ ಈ ವ್ಯತ್ಯಾಸ ತುಂಬ ಮುಖ್ಯ. ನಾನು ಮೊದಲು ಮಾಡಿದ್ದು 'ಮಂದಾರ' ಅನ್ನುವ ಮನೆ ಹೆಸರು, ಸಿಲ್ವರ್ ಓಕ್ ಹಲಗೆಯಲ್ಲಿ. 'ರ'ದ ಹೊಟ್ಟೆ ಮುಚ್ಚಿದ ಗುಂಡು, 'ಮಂ'ದ ಸೊನ್ನೆಯೂ ಅಷ್ಟೇ. ಒಳಗಿನದನ್ನು ಕೊಯ್ಯಬೇಕಾದರೆ ಮೊದಲು ತೂತು ಕೊರೆದು, ಬ್ಲೇಡನ್ನು ಒಂದು ಕಡೆ ಬಿಚ್ಚಿ, ಅದರೊಳಗೆ ಪೋಣಿಸಿ ಮತ್ತೆ ಬಿಗಿಯಬೇಕು. ಕೀಲು ತೂರಲು 5 ಮಿಲಿಮೀಟರ್ ಆಸುಪಾಸಿನ ತೂತು ಬೇಕು. ನನ್ನ ಸೊನ್ನೆಯ ಒಳಗೆ ಅಷ್ಟು ಜಾಗವೇ ಇರಲಿಲ್ಲ, ಕೊರೆಯುವಾಗ ಅಂಚು ಸೀಳಿತು, ಆ ಹಲಗೆ ಹೋಯಿತು. ಬರಿ ತುದಿಯದಾದರೆ 2 ಮಿಲಿಮೀಟರ್ ತೂತು ಸಾಕು. ಎರಡನೆಯ ಹಲಗೆಗೆ ಅದನ್ನೇ ಹಾಕಿದೆ: 5ನೇ ನಂಬರು, ಬಿಡಿ ಹಲ್ಲು, ತಳದಲ್ಲಿ ಎದುರು ಹಲ್ಲು. ಬಿಗಿದ ಮೇಲೆ ಬೆರಳಲ್ಲಿ ಮೀಟಿದರೆ ತಂಬೂರಿಯ ತಂತಿಯಂತೆ 'ಟಿಣ್' ಅನ್ನಬೇಕು, 'ಡಬ್' ಅಂದರೆ ಇನ್ನೂ ಸಡಿಲ. 'ರ' ಗುಂಡಗೆ ಬಂತು.

ಬ್ಲೇಡು ಅನ್ನುವುದನ್ನೇ ಉಳಿಸಿಕೊಂಡಿದ್ದೇನೆ, ನೋಡಿ. 'ಅಲಗು' ಅಂದರೆ ನನಗೆ ಕತ್ತಿ, ಈಟಿ ಕಣ್ಣ ಮುಂದೆ ಬರುತ್ತದೆ. ದಾರದಂಥ ಈ ವಸ್ತುವಿಗೆ ಅದು ಭಾರವಾಯಿತು. ಬೇರೆ ಅಭಿಪ್ರಾಯ ಇದ್ದವರು ದಯವಿಟ್ಟು ಹೇಳಿ.

ಇನ್ನು ಎರಡು ಕೇಳಬೇಕು. ಕುಡುಗೋಲಿನ ಹಲ್ಲಿಗೆ 'ಕಕ್ಕು' ಅನ್ನುವ ಮಾತಿದೆ. ಅದನ್ನು ಗರಗಸಕ್ಕೂ ಬಳಸುವುದನ್ನು ನಿಮ್ಮ ಊರಲ್ಲಿ ಕೇಳಿದ್ದೀರಾ? ಮೈಸೂರಿನ ಕಡೆ ಬೀಟೆ ಮರದಲ್ಲಿ ಕೂರಿಸುವ ಚಿತ್ತಾರದ ಕೆಲಸ ಮಾಡುವವರ ಪರಿಚಯ ಯಾರಿಗಾದರೂ ಇದ್ದರೆ, ಅವರು ಕೈಯಲ್ಲಿ ಹಿಡಿಯುವ ಬಿಲ್ಲಿನಂಥ ಕುಸುರಿ ಗರಗಸಕ್ಕೆ, ಅದರ ಬ್ಲೇಡಿಗೆ ಏನನ್ನುತ್ತಾರೆ ಅಂತ ಕೇಳಿ ಬರೆಯುತ್ತೀರಾ?