ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಆಗೋ ಡಿವಿಡಿ ಡ್ರೈವ್ ಯಾವ್ದು ತಗೊಳ್ಲಿ?

ಎಲ್ರಿಗೂ ನಮಸ್ಕಾರ, ಒಂದು ಸಹಾಯ ಬೇಕಿತ್ತು. ನಂದು ಉಬುಂಟು (ಲಿನಕ್ಸ್), ಮಗಳದು ಮ್ಯಾಕ್‌ಬುಕ್, ಆಫೀಸ್ ಲ್ಯಾಪ್‌ಟಾಪ್ ವಿಂಡೋಸ್ 11, ಒಂದರಲ್ಲೂ ಡಿಸ್ಕ್ ಹಾಕೋ ಜಾಗ ಇಲ್ಲ. ಅಕ್ಕನ ಮದುವೆ ವಿಡಿಯೋ, ಹಳೇ ಫೋಟೋ ಎಲ್ಲಾ ಸೇರಿ 40 ಡಿವಿಡಿ ಬೀರುವಲ್ಲಿ ಕೂತಿವೆ, ಕೆಲವಕ್ಕೆ ಅಂಚಲ್ಲಿ ಬೂಷ್ಟು ಹಿಡಿದಂಗೆ ಕಲೆ ಬೇರೆ ಬಂದಿದೆ, ಬೇಗ ಕಾಪಿ ಮಾಡ್ಕೋಬೇಕು.

ಸಾಮಾನ್ಯವಾಗಿ ಯುಎಸ್‌ಬಿ ಡಿವಿಡಿ ಡ್ರೈವ್‌ಗೆ ಬೇರೆ ಡ್ರೈವರ್ (ಅದನ್ನ ನಡೆಸೋ ಸಾಫ್ಟ್‌ವೇರ್) ಬೇಡ, ಮೂರರಲ್ಲೂ ಸೀದಾ ನಡೆಯುತ್ತೆ ಅಂತ ಗೊತ್ತು, ಆದ್ರೂ ಭಯ, ಯಾಕಂದ್ರೆ ಫ್ರೆಂಡ್ ಹತ್ರ ಇಸ್ಕೊಂಡು ಬಂದ ಡ್ರೈವ್ ಹಾಕಿದ್ರೆ ಲೈಟ್ ಹತ್ತುತ್ತೆ, ಟಿಕ್ ಟಿಕ್ ಅನ್ನುತ್ತೆ, ಡಿಸ್ಕ್ ಎರಡು ಸುತ್ತು ತಿರುಗಿ ನಿಂತೋಗುತ್ತೆ. ಆಮೇಲೆ ಗೊತ್ತಾಯ್ತು, ನಾನು ಹಬ್‌ಗೆ (ಒಂದು ಪೋರ್ಟನ್ನ ಹಲವು ಮಾಡೋ ಡಬ್ಬಿ) ಚುಚ್ಚಿದ್ದೆ, ಕರೆಂಟೇ ಸಾಲ್ತಿರ್ಲಿಲ್ಲ! ಯುಎಸ್‌ಬಿ 2 ಪೋರ್ಟಲ್ಲಿ ಸಿಗೋದು 500 ಮಿಲಿಆಂಪ್, 3ರಲ್ಲಿ 900. ನೇರ ಲ್ಯಾಪ್‌ಟಾಪಿಗೇ ಹಾಕಿದ್ಮೇಲೆ ಓದ್ತು.

ಅದಕ್ಕೇ ಕೇಳ್ತಿರೋದು, ಎರಡು ಪ್ಲಗ್ ಇರೋ ಕೇಬಲ್‌ದು ತಗೊಂಡ್ರೆ ವಾಸಿನಾ, ಇಲ್ಲಾ ಬೇರೆ ಅಡಾಪ್ಟರ್ ಇರೋದಾ? ಮ್ಯಾಕ್‌ಗೆ ಟೈಪ್ ಸಿ ಕನ್ವರ್ಟರ್ ಹಾಕಿದ್ರೆ ತೊಂದ್ರೆ ಆಗುತ್ತಾ? ಜೊತೆಗೆ ಕೊಡೋ ಬರ್ನಿಂಗ್ (ಡಿಸ್ಕ್‌ಗೆ ಬರೆಯೋ) ಸಾಫ್ಟ್‌ವೇರ್ ನಂಗೆ ಬೇಡ, ಪ್ಲೇ ಮಾಡಕ್ಕೆ ವಿಎಲ್‌ಸಿ ಇದೆ, ಬ್ಲೂ-ರೇ ಕೂಡ ಬೇಡ. ಮೂರರಲ್ಲೂ ನೀವೇ ಹಾಕಿ ನೋಡಿರೋ ಮಾಡೆಲ್ ಇದ್ರೆ ಹೇಳಿ ಪ್ಲೀಸ್.